ಮಾತು ಬಾರದ ಮಗು, ಕಿವಿ ಮಂದವಾದ ಅಜ್ಜ: ಯಾರ ಬಳಿ ಹೋಗಬೇಕು?

ಎರಡೂವರೆ ವರ್ಷದ ಮಗು ಇನ್ನೂ ಮಾತಾಡುತ್ತಿಲ್ಲವೆಂದರೆ ಮನೆಯಲ್ಲಿ ಮೊದಲು ಸಿಗುವ ಉತ್ತರ, ‘ಅವರಪ್ಪನಿಗೂ ಮಾತು ತಡವಾಗಿಯೇ ಬಂತು’ ಎಂಬುದು. ಆಮೇಲೆ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ಅದೂ ಆದ ಮೇಲೆ ‘ಸ್ಪೀಚ್ ಥೆರಪಿ’ ಎಂಬ ಬೋರ್ಡು ಕಂಡ ಕಡೆ ಕರೆದೊಯ್ಯುತ್ತಾರೆ. ಅಜ್ಜನಿಗೆ ಕಿವಿ ಕೇಳದಾದರೆ ‘ಉಚಿತ ತಪಾಸಣೆ’ ನಡೆಸುವ ಅಂಗಡಿಯವನು ಕೊಟ್ಟ ಯಂತ್ರವೇ ಗತಿ. ಬೋರ್ಡಿನ ಹಿಂದೆ ಕುಳಿತವರ ಓದು ಏನೆಂದು ಕೇಳುವವರು ಕಡಿಮೆ.

ಅಮೆರಿಕದಲ್ಲಿ ಈ ವೃತ್ತಿಗೆ ಆಯಾ ರಾಜ್ಯವೇ ಲೈಸೆನ್ಸ್ ಕೊಡುತ್ತದೆ. ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ಕಾನೂನು, 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯಿದೆ. ಶ್ರವಣ ತಜ್ಞರು, ವಾಕ್ ಚಿಕಿತ್ಸಕರು ಮಾತ್ರವಲ್ಲ, ಶ್ರವಣಯಂತ್ರ ಮತ್ತು ಕಿವಿಯ ಅಚ್ಚು ತಯಾರಿಸುವ ತಂತ್ರಜ್ಞರೂ ಇದರಡಿ ಬರುತ್ತಾರೆ. ಮಾನ್ಯ ಪದವಿ ಪಡೆದು ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಬರೆಸಿದವರೇ ಈ ವೃತ್ತಿ ಮಾಡಬೇಕು. ತಪ್ಪಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಕಾಲದಲ್ಲಿ ಸಾವಿರ ರೂಪಾಯಿಗೆ ಯಾರು ಹೆದರುತ್ತಾರೋ ಕಾಣೆ!

ಹಾಗಾದರೆ ಈ ನೋಂದಣಿ ಇಲ್ಲದವರು ಏನೂ ಮಾಡುವಂತಿಲ್ಲವೇ? ಹಾಗೇನಿಲ್ಲ. ಕಿವಿ ಸೋರುವುದು, ಗುಗ್ಗೆ ಕಟ್ಟುವುದು, ತಮಟೆ ತೂತಾಗುವುದು ಇವೆಲ್ಲ ಕಿವಿ-ಮೂಗು-ಗಂಟಲು ವೈದ್ಯರ ಕೆಲಸ. ಅವರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಇರುತ್ತದೆ. ಕಲಿಯುತ್ತಿರುವ ವಿದ್ಯಾರ್ಥಿಗಳು ತಜ್ಞರ ಉಸ್ತುವಾರಿಯಲ್ಲಿ ಕೆಲಸ ಮಾಡುತ್ತಾರೆ. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಅನುಮಾನ ಬಂದ ಮಗುವನ್ನು ಗುರುತಿಸಿ ಕಳಿಸಬಹುದು, ಕಳಿಸಬೇಕು. ತಜ್ಞರು ಹೇಳಿಕೊಟ್ಟ ಅಭ್ಯಾಸವನ್ನು ದಿನವೂ ಮನೆಯಲ್ಲಿ ಮಾಡಿಸುವ ತಾಯಿಗಂತೂ ಯಾವ ಲೈಸೆನ್ಸೂ ಬೇಡ. ವಾರಕ್ಕೆರಡು ಗಂಟೆಯ ಚಿಕಿತ್ಸೆಗಿಂತ ಅವಳ ದಿನವಿಡೀ ಮಾತೇ ಮಗುವಿಗೆ ಹೆಚ್ಚು ಸಿಗುವುದು.

ಆದರೆ ಕೇಳುವಿಕೆಯ ಅಳತೆ, ಯಂತ್ರದ ಹೊಂದಾಣಿಕೆ ಬೇರೆಯವರ ಕೈಗೆ ಹೋಗಬಾರದು. ಕಿವುಡು ಎಲ್ಲ ಸ್ವರಕ್ಕೂ ಒಂದೇ ಸಮ ಇರುವುದಿಲ್ಲ. ಅನೇಕ ವೃದ್ಧರಿಗೆ ದಪ್ಪ ಸ್ವರ ಕೇಳುತ್ತದೆ. ‘ಸ’, ‘ಶ’ದಂಥ ಸಣ್ಣ ಸ್ವರ ಕೇಳುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ದೊಡ್ಡದು ಮಾಡುವ ಯಂತ್ರ ಹಾಕಿದರೆ ಪಾತ್ರೆಯ ಸದ್ದು ಕಿವಿಗೆ ಬಡಿಯುತ್ತದೆ, ಮೊಮ್ಮಗಳ ಮಾತು ಮಾತ್ರ ತಿಳಿಯದು. ಯಂತ್ರ ಬೀರು ಸೇರುತ್ತದೆ. ಅತಿ ಜೋರಾದ ಯಂತ್ರವಾದರೆ ಉಳಿದ ಶ್ರವಣಶಕ್ತಿಗೂ ಕುತ್ತು. ಅಮೆರಿಕದಲ್ಲಿ 2022ರ ಅಕ್ಟೋಬರಿನಿಂದ ಕೆಲವು ಯಂತ್ರಗಳನ್ನು ತಜ್ಞರ ಚೀಟಿಯಿಲ್ಲದೆ ಅಂಗಡಿಯಲ್ಲೇ ಕೊಳ್ಳಬಹುದು ನಿಜ. ಅದು 18 ವರ್ಷ ತುಂಬಿದವರ ಅಲ್ಪ, ಮಧ್ಯಮ ಕಿವುಡಿಗೆ ಮಾತ್ರ. ಅಲ್ಲಿಂದ ಮಗ ತಂದ ಅಂಥ ಪೆಟ್ಟಿಗೆಯನ್ನು ಮಗುವಿನ ಕಿವಿಗೆ ಹಚ್ಚಬೇಡಿ.

ಮಗುವಿನ ವಿಷಯದಲ್ಲಿ ಕಾಲವೇ ದೊಡ್ಡದು. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭ ಎಂಬುದು ತಜ್ಞರು ಒಪ್ಪಿದ ಲೆಕ್ಕ. ಮಾತು ಕಲಿಯುವ ವಯಸ್ಸು ಅನರ್ಹರ ಬಳಿ ಕಳೆದುಹೋದರೆ ಹಣದಂತೆ ಅದನ್ನು ಮತ್ತೆ ಸಂಪಾದಿಸಲಾಗದು.

ಹೋದ ಕಡೆ ಸಂಕೋಚವಿಲ್ಲದೆ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ವಾಕ್-ಶ್ರವಣ ಪದವಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ್ದು. ಓದಿದವರು ಹೇಳಲು ಹಿಂಜರಿಯುವುದಿಲ್ಲ. ಎರಡೂ ಕಿವಿಯ ಆಡಿಯೋಗ್ರಾಂ ಕೈಗೆ ಪಡೆಯಿರಿ. ‘ಹತ್ತು ದಿನದಲ್ಲಿ ಉಗ್ಗು ಮಾಯ’ ಎನ್ನುವವರಿಂದ ದೂರವಿರಿ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಕಡಿಮೆ ಆದಾಯದವರಿಗೆ ಕೇಂದ್ರದ ‘ಅಡಿಪ್’ ಯೋಜನೆಯಲ್ಲಿ ಶ್ರವಣಯಂತ್ರ ಸಿಗುತ್ತದೆ. ಮಗುವಿಗೆ ‘ಬೇರಾ’ ಪರೀಕ್ಷೆ ಬರೆದುಕೊಟ್ಟಿದ್ದರೆ ಅದು ನಿದ್ದೆಯಲ್ಲಿ ಮಾಡುವಂಥದ್ದು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಲಗಲು ಬಿಡದೆ, ಅಲ್ಲಿಗೆ ಹೋದ ಮೇಲೆ ಹಾಲು ಕುಡಿಸಿ ಮಲಗಿಸಿ.