ಕ್ಷಯದಂತೆ ತೋರುವ, ಕ್ಷಯವಲ್ಲದ ಒಂದು ಶ್ವಾಸಕೋಶ ರೋಗ

ಲೆಕ್ಕಪತ್ರಗಳ ನಡುವೆ ಇಪ್ಪತ್ತು ವರ್ಷ ಕಳೆದ ವಾಣಿಜ್ಯ ಪದವೀಧರನು ಶ್ವಾಸಕೋಶದ ರೋಗವೊಂದರ ಬಗೆಗೆ ಬರೆಯಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ಆದರೆ ನಮ್ಮ ಶಾಖೆಯ ತರುಣ ಮಿತ್ರನೊಬ್ಬನಿಗೆ ಬಂದ ಕಾಯಿಲೆಯು, ವೈದ್ಯರಲ್ಲಿ ಕೇಳಿ, ಪುಸ್ತಕಗಳನ್ನು ತಿರುವಿ, ಕೆಲವು ವಿಷಯಗಳನ್ನು ತಿಳಿದುಕೊಳ್ಳುವಂತೆ ನನ್ನನ್ನು ಪ್ರೇರೇಪಿಸಿತು. ಬಲ್ಲವರು ತಪ್ಪಿದ್ದರೆ ತಿದ್ದಬೇಕು.

ಮಿತ್ರನಿಗೆ ಆಗ ಮೂವತ್ತೊಂದು ವರ್ಷ. ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವನು. ದಿನಕ್ಕೊಂದು ಪ್ಯಾಕೆಟ್ ಸಿಗರೇಟು ಸೇದುತ್ತಿದ್ದನು. ಒಣಕೆಮ್ಮು ಆರಂಭವಾಯಿತು. ದಾದರ್ ನಿಲ್ದಾಣದ ಮೇಲ್ಸೇತುವೆಯನ್ನು ಏರುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ನೆರಳು ಕಂಡಿತು. ಕಫದಲ್ಲಿ ರೋಗಾಣು ಸಿಗದಿದ್ದರೂ ಆರು ತಿಂಗಳು ಕ್ಷಯದ ಔಷಧಿ ನಡೆಯಿತು. ನಮ್ಮ ದೇಶದಲ್ಲಿ ಅಂಥ ನೆರಳನ್ನು ಕಂಡೊಡನೆ ಕ್ಷಯವೇ ನೆನಪಿಗೆ ಬರುವುದು ಸಹಜ, ವೈದ್ಯರನ್ನು ದೂರಲಾರೆ. ಮನೆಯಲ್ಲಿ ಮಾತ್ರ ಅವನ ತಟ್ಟೆ ಲೋಟಗಳು ಬೇರೆಯಾದವು, ಮೂರು ವರ್ಷದ ಮಗಳನ್ನು ಹತ್ತಿರ ಬಿಡಲಿಲ್ಲ. (ಕ್ಷಯವು ಗಾಳಿಯ ಮೂಲಕ ಹರಡುವುದೇ ಹೊರತು ತಟ್ಟೆಯಿಂದಲ್ಲ ಎಂಬುದನ್ನು ಆ ಮನೆಯ ಹಿರಿಯರಿಗೆ ಹೇಳುವವರಾರು?)

ಒಂದು ಬೆಳಿಗ್ಗೆ ಲೋಕಲ್ ರೈಲಿನಲ್ಲಿಯೇ ಎದೆ ಹಿಡಿದುಕೊಂಡು ಕುಸಿದನು. ಒಂದು ಕಡೆಯ ಶ್ವಾಸಕೋಶದಿಂದ ಗಾಳಿ ಸೋರಿ ಅದು ಕುಗ್ಗಿಹೋಗಿತ್ತು. ಎದೆಗೆ ನಳಿಕೆಯಿಟ್ಟು ಅವನನ್ನು ಉಳಿಸಿದರು. ಅನಂತರ ನಡೆದ ಸಿ.ಟಿ. ಸ್ಕ್ಯಾನ್ ಮತ್ತು ಬಯಾಪ್ಸಿಗಳಿಂದ ರೋಗದ ನಿಜವಾದ ಹೆಸರು ಹೊರಬಂದಿತು: ಶ್ವಾಸಕೋಶದ ಲ್ಯಾಂಗರ್‌ಹಾನ್ಸ್ ಹಿಸ್ಟಿಯೋಸೈಟೋಸಿಸ್.

ಹೆಸರು ಬಾಯಿಗೆ ಕಷ್ಟ, ಕಥೆ ಸ್ವಾರಸ್ಯಕರ. 1868ರಲ್ಲಿ ಬರ್ಲಿನ್ನಿನ ವೈದ್ಯವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಚರ್ಮದಲ್ಲಿ ಕವಲೊಡೆದ ಜೀವಕೋಶಗಳನ್ನು ಕಂಡು, ಅವು ನರಗಳಿಗೆ ಸೇರಿದವೆಂದು ಭಾವಿಸಿದನು. ವಾಸ್ತವವಾಗಿ ಅವು ದೇಹದ ಕಾವಲುಗಾರರು. ಹೊರಗಿನಿಂದ ಬಂದ ವಸ್ತುವನ್ನು ಗುರುತಿಸಿ ರೋಗನಿರೋಧಕ ವ್ಯವಸ್ಥೆಗೆ ವರದಿ ಒಪ್ಪಿಸುವುದು ಅವುಗಳ ಕೆಲಸ. ಅವನ್ನು ಕಂಡುಹಿಡಿದ ಲ್ಯಾಂಗರ್‌ಹಾನ್ಸನೇ ಮುಂದೆ ಕ್ಷಯಕ್ಕೆ ತುತ್ತಾಗಿ, ಹವೆಯ ಬದಲಾವಣೆಗೆಂದು ಮದೀರಾ ದ್ವೀಪಕ್ಕೆ ತೆರಳಿ, 1888ರಲ್ಲಿ ಅಲ್ಲಿಯೇ ತೀರಿಕೊಂಡನು.

ಇಂಥದೇ ಲಕ್ಷಣಗಳುಳ್ಳ ಜೀವಕೋಶಗಳು ಈ ರೋಗದಲ್ಲಿ ಸಣ್ಣ ಶ್ವಾಸನಾಳಗಳ ಸುತ್ತ ಗುಂಪುಗೂಡುತ್ತವೆ. ಮೊದಲು ಸಣ್ಣ ಗಂಟುಗಳು, ಅನಂತರ ಅವುಗಳ ನಡುವೆ ಪೊಳ್ಳು, ಕೊನೆಗೆ ವಿಚಿತ್ರ ಆಕಾರದ ಗಾಳಿಚೀಲಗಳು ಮತ್ತು ಕಲೆಗಟ್ಟಿದ ಅಂಗಾಂಶ. ಮೇಲಿನ ಮತ್ತು ನಡುವಿನ ಭಾಗಗಳು ಹೀಗೆ ಕೆಡುತ್ತಿರುವಾಗ ತಳದ ಮೂಲೆಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ, ಸಿ.ಟಿ. ಚಿತ್ರದಲ್ಲಿ ವೈದ್ಯರಿಗೆ ಸುಳಿವು ಕೊಡುವುದು ಇದೇ. ಚೀಲವೊಂದು ಒಡೆದರೆ ನನ್ನ ಮಿತ್ರನಿಗಾದಂತೆ ಆಗುತ್ತದೆ. ಕೆಲವರಲ್ಲಿ ಮೂಳೆಗೂ ತಗಲುತ್ತದೆ. ಪಿಟ್ಯೂಟರಿ ಗ್ರಂಥಿಗೆ ತಗಲಿದರೆ ತಡೆಯಲಾರದ ಬಾಯಾರಿಕೆ, ಅತಿಮೂತ್ರ. ಇದು ಸಕ್ಕರೆ ಕಾಯಿಲೆಯಲ್ಲವಾದರೂ ಹಾಗೆಂದು ಭ್ರಮಿಸುವವರುಂಟು.

ಇದು ಅಂಟುರೋಗವಲ್ಲ. ಮಕ್ಕಳಲ್ಲಿ ಇದರ ರೀತಿಯೇ ಬೇರೆ. ವಯಸ್ಕರಲ್ಲಿ ಶ್ವಾಸಕೋಶಕ್ಕೆ ಸೀಮಿತವಾಗಿ ಬಂದಾಗ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಧೂಮಪಾನಿಗಳೇ. ಬಹಳ ಕಾಲ ಇದು ಕೇವಲ ಉರಿಯೂತವೋ, ಕ್ಯಾನ್ಸರಿನ ಬಂಧುವೋ ಎಂಬ ಚರ್ಚೆಯಿತ್ತು. 2010ರಲ್ಲಿ ಹಿಸ್ಟಿಯೋಸೈಟೋಸಿಸ್ ರೋಗಿಗಳ ಅಂಗಾಂಶ ಮಾದರಿಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಬಿ-ರಾಫ್ ಎಂಬ ಜೀನಿನ ಮಾರ್ಪಾಟು ಸಿಕ್ಕಿದ ಮೇಲೆ ಎರಡನೆಯ ಪಕ್ಷಕ್ಕೆ ಬಲ ಬಂದಿತು. ಆದರೂ ಶ್ವಾಸಕೋಶದ ಮಟ್ಟಿಗೆ ಮೊದಲ ಚಿಕಿತ್ಸೆ ಹೊಗೆಯನ್ನು ಸಂಪೂರ್ಣವಾಗಿ ಬಿಡುವುದೇ. ಕಡಿಮೆ ಮಾಡಿದರೆ ಸಾಲದು. ಬೀಡಿಯ ಹೊಗೆಯೂ ತಂಬಾಕಿನ ಹೊಗೆಯೇ. ಅಷ್ಟರಿಂದಲೇ ಗಂಟುಗಳು ಕರಗಿ ಉಸಿರಾಟ ಸುಧಾರಿಸಿದವರು ಅನೇಕರು. ಬಿಟ್ಟ ಮೇಲೂ ರೋಗ ಮುಂದುವರಿಯುವವರೂ ಇದ್ದಾರೆ; ಅಂಥವರಿಗೆ ಕ್ಲಾಡ್ರಿಬಿನ್‌ನಂತಹ ಔಷಧಿಗಳು, ತೀರಾ ಕೊನೆಗೆ ಶ್ವಾಸಕೋಶದ ಕಸಿ. ಕಸಿಯ ಬಳಿಕ ಮತ್ತೆ ಸಿಗರೇಟಿಗೆ ಮರಳಿದವರ ಹೊಸ ಶ್ವಾಸಕೋಶದಲ್ಲಿಯೂ ರೋಗ ಮರುಕಳಿಸಿದ ಉದಾಹರಣೆಗಳಿವೆ.

ಇದನ್ನು ಓದಿ ಯಾರೂ ಕ್ಷಯದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಕ್ಷಯ ಸಾಮಾನ್ಯ, ಇದು ಅಪರೂಪ. ಆದರೆ ಕಫದಲ್ಲಿ ರೋಗಾಣು ಕಾಣದೆ, ಔಷಧಿಯಿಂದ ಗುಣವೂ ಕಾಣದೆ, ರೋಗಿಯು ಧೂಮಪಾನಿಯಾಗಿದ್ದರೆ, ಶ್ವಾಸಕೋಶದ ತಜ್ಞರಲ್ಲಿ ಸಿ.ಟಿ. ಪರೀಕ್ಷೆಯ ಮಾತನ್ನು ಎತ್ತುವುದರಲ್ಲಿ ಸಂಕೋಚವೇಕೆ?

ಮಿತ್ರನು ಆಸ್ಪತ್ರೆಯಿಂದಲೇ ಸಿಗರೇಟು ಬಿಟ್ಟನು. ಊಟದ ವಿರಾಮದಲ್ಲಿ “ಒಂದೇ ಒಂದು” ಎಂದು ಕೈಯೊಡ್ಡುವ ಸಹೋದ್ಯೋಗಿಗಳನ್ನು ನಿಭಾಯಿಸುವುದು ಅವನಿಗೆ ನಳಿಕೆಯ ನೋವಿಗಿಂತ ಕಷ್ಟವಾಯಿತಂತೆ. ಮಗಳು ಈಗ ಅವನ ತಟ್ಟೆಯಿಂದಲೇ ದೋಸೆ ಕಿತ್ತು ತಿನ್ನುತ್ತಾಳೆ. ಉಸಿರಾಟದ ಪರೀಕ್ಷೆಗೆ ಹೋಗುವಾಗಲೆಲ್ಲ ನನ್ನನ್ನೂ ಕರೆದೊಯ್ಯುತ್ತಾನೆ. ಹಳೆಯ ಅಂಕಿಗಳ ಪಕ್ಕದಲ್ಲಿ ಹೊಸ ಅಂಕಿಗಳನ್ನು ಬರೆದಿಡುವ ಕೆಲಸ ನನ್ನದು.