ಕೀ ಸ್ವಿಚ್ಚಿನ ತಲೆಗೆ ಕಟ್ಟಿದ ತಪ್ಪುಗಳು

ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆ, ಅಲ್ಲಿಂದ ವೇಣೂರು, ಗುರುವಾಯನಕೆರೆ ಹಾದು ಬೆಳ್ತಂಗಡಿ, ಮತ್ತೆ ಮಡಂತ್ಯಾರು, ಪುಂಜಾಲಕಟ್ಟೆ ಮೇಲೆ ಬಂಟ್ವಾಳ. ಈ ಸುತ್ತಿನಲ್ಲಿ ಕೆಟ್ಟು ನಿಂತ ಕಾರುಗಳ ವಯರಿಂಗ್ ನೋಡುವುದೇ ನನ್ನ ಹೊಟ್ಟೆಪಾಡು. ಕೆಲಸ ಕಲಿತ ಹೊಸತರಲ್ಲಿ ಒಂದು ಹಳೇ ಪೆಟ್ರೋಲ್ ಕಾರಿಗೆ ಹೊಸ ಇಗ್ನಿಷನ್ ಸ್ವಿಚ್ ಹಾಕಿ, ದುಡ್ಡು ಎಣಿಸಿಕೊಂಡು ಕಳಿಸಿದ್ದೆ. ಮರುದಿನ ಬೆಳಿಗ್ಗೆ ನಾಲ್ಕು ಜನ ಅದನ್ನು ತಳ್ಳಿಕೊಂಡು ಬಂದರು. ಕೆಟ್ಟದ್ದು ಎಂಜಿನ್ನಿನ ಅರ್ಥ್ ವಯರು. ಹೊಸ ಸ್ವಿಚ್ಚಿನ ದುಡ್ಡು ವಾಪಸ್ ಕೊಟ್ಟೆ. ಬಿಚ್ಚಿದ ಹಳೇ ಸ್ವಿಚ್ಚನ್ನು ಇಟ್ಟುಕೊಂಡೆ. ಅಲ್ಲಿಂದೀಚೆಗೆ ಕಲಿತದ್ದು ಇಷ್ಟು.

1. ಬಿಚ್ಚುವ ಮುಂಚೆ ಕೇಳಿ

“ಕೀ ತಿರುಗಿಸಿದ್ರೆ ಎಂತದೂ ಆಗುದಿಲ್ಲ ಮಾರಾಯ್ರೆ” ಎಂದು ಫೋನು ಬರುತ್ತದೆ. ಎಂತದೂ ಅಂದರೆ ಎಂತದು? ಕೀ ತಿರುಗುವುದೇ ಇಲ್ಲವೋ? ತಿರುಗಿದರೂ ಮೀಟರಿನ ದೀಪ ಬರುವುದಿಲ್ಲವೋ? ದೀಪ ಬಂದರೂ ಸೆಲ್ಫ್ ಹೊಡೆಯುವುದಿಲ್ಲವೋ? ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯುವುದಿಲ್ಲವೋ? ಒಂದೊಂದಕ್ಕೂ ಮದ್ದು ಬೇರೆ. ಎಂಜಿನ್ ಹಿಡಿದು, ಕೀ ಬಿಟ್ಟೊಡನೆ ಸತ್ತರೆ ಸ್ವಿಚ್ಚಿನ ಆನ್ ಕಾಂಟ್ಯಾಕ್ಟಿನ ಮೇಲೆ ನನ್ನ ಮೊದಲ ಅನುಮಾನ. ಸರಿಯಾಗಿ ಕೇಳಿದರೆ ಅರ್ಧ ಕೆಲಸ ಫೋನಿನಲ್ಲೇ ಮುಗಿಯುತ್ತದೆ.

2. ಬ್ಯಾಟರಿಯಿಂದ ಹೊರಡಿ, ಸ್ವಿಚ್ಚಿಗೆ ಕೊನೆಗೆ ಬನ್ನಿ

ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯದೇ ತಕರಾರು. ನಮ್ಮ ಮಳೆಗಾಲಕ್ಕೆ ಟರ್ಮಿನಲ್ ಮೇಲೆ ಹಸಿರು ಕಿಲುಬು ಹಿಡಿಯಲು ಹೆಚ್ಚು ದಿನ ಬೇಡ. ಮೊದಲು ಅದನ್ನು ಉಜ್ಜಿ. ಆಮೇಲೆ ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಮೈಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಸರಿಯಿಲ್ಲ. ಈ ಎರಡು ನಿಮಿಷದ ಕೆಲಸ ಅಂದು ನನಗೆ ಗೊತ್ತಿರಲಿಲ್ಲ.

3. ಹೆಡ್‌ಲೈಟ್ ಸಾಕ್ಷಿ ಹೇಳುತ್ತದೆ

ಮೀಟರ್ ಕೈಯಲ್ಲಿಲ್ಲದಿದ್ದರೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿ ಅಥವಾ ಟರ್ಮಿನಲ್ ನೋಡಿ. ಬೆಳಕು ಕದಲದೆ ಸೆಲ್ಫ್ ಮಾತ್ರ ಸುಮ್ಮನಿದ್ದರೆ ಸೆಲ್ಫ್ ಮೋಟರಿನ ತೆಳು ವಯರಿಗೆ ಟೆಸ್ಟ್ ಬಲ್ಬ್ ಹಿಡಿಯಿರಿ. ಸ್ಟಾರ್ಟಿಗೆ ತಿರುಗಿಸಿದಾಗ ಬಲ್ಬ್ ಉರಿದರೆ ಸ್ವಿಚ್ಚು ತನ್ನ ಕೆಲಸ ಮಾಡಿದೆ, ತಪ್ಪು ಮೋಟರಿನದು. ಉರಿಯದಿದ್ದರೆ ಮಾತ್ರ ಹಿಂದಕ್ಕೆ ಬನ್ನಿ: ಫ್ಯೂಸು, ರಿಲೇ, ಆಮೇಲೆ ಸ್ವಿಚ್ಚು. ಆಟೋಮ್ಯಾಟಿಕ್ ಗಾಡಿಯಾದರೆ ಗೇರ್ ಕೋಲನ್ನು ನ್ಯೂಟ್ರಲ್‌ಗೆ ತಂದು ಒಮ್ಮೆ ನೋಡಿ.

4. ಬೀಗ ಬೇರೆ, ಸ್ವಿಚ್ಚು ಬೇರೆ

ಕೀ ಹೋಗುವ ಬೀಗ ಮುಂದಿದೆ; ಕರೆಂಟು ಹಾಯಿಸುವ ಸ್ವಿಚ್ಚು ಅದರ ಹಿಂದೆ. ಕೀ ತಿರುಗದಿದ್ದರೆ ಮೊದಲು ಸ್ಟೇರಿಂಗನ್ನು ಆಚೀಚೆ ಅಲುಗಿಸುತ್ತ ತಿರುಗಿಸಿ. ಚಕ್ರ ಒಂದು ಬದಿಗೆ ಒತ್ತಿ ನಿಂತಾಗ ಸ್ಟೇರಿಂಗ್ ಲಾಕ್ ಬಿಗಿದುಕೊಂಡಿರುತ್ತದೆ. ಬೀಗ ಗಟ್ಟಿಯಾಯಿತೆಂದು ತೆಂಗಿನೆಣ್ಣೆ ಬಿಡುವವರು ನಮ್ಮಲ್ಲಿ ಮನೆಗೊಬ್ಬರು. ಎರಡು ದಿನ ಸಲೀಸು. ಆಮೇಲೆ ಕೆಂಪು ಧೂಳು ಕೂತು ಒಳಗೆಲ್ಲ ಕೆಸರು. ಗ್ರಾಫೈಟ್ ಪುಡಿ ಸಾಕು. ಹಾಗೆಯೇ, ಸವೆದ ಕೀ ಇಟ್ಟು ಡೂಪ್ಲಿಕೇಟ್ ಮಾಡಿಸಿದರೆ ಹುಟ್ಟುವುದು ಇನ್ನೊಂದು ಸವೆದ ಕೀ.

5. ಚಾರ್ಮಾಡಿಯ ಮಂಜು ಸ್ವಿಚ್ಚನ್ನು ಸುಡುತ್ತದೆ

ಬೆಳ್ತಂಗಡಿ ಕಡೆಯ ಗಾಡಿಗಳಲ್ಲಿ ಈ ಕಾಯಿಲೆ ಹೆಚ್ಚು ಕಂಡಿದ್ದೇನೆ. ಚಾರ್ಮಾಡಿ ಘಾಟಿಯ ಮಂಜಿಗೆಂದು 55 ವಾಟ್‌ನ ಎರಡು ಫಾಗ್ ಲ್ಯಾಂಪ್ ಹಾಕಿಸುತ್ತಾರೆ. ಹಾಕಿದವನು ರಿಲೇಯ ದುಡ್ಡು ಉಳಿಸಿ, ಕರೆಂಟನ್ನು ನೇರ ಇಗ್ನಿಷನ್ ವಯರಿನಿಂದ ಎಳೆದಿರುತ್ತಾನೆ. ಅಂದರೆ ಸುಮಾರು 9 ಆಂಪಿಯರ್ ಹೆಚ್ಚುವರಿ ಹೊರೆ. ಒಳಗಿನ ಕಾಂಟ್ಯಾಕ್ಟು ಕಾದು ಕಪ್ಪಾಗುತ್ತದೆ. ಸ್ವಿಚ್ಚಿಗೆ ಬರುವ ಬ್ಯಾಟರಿ ವಯರಿಗೂ ಹೊರಹೋಗುವ ವಯರಿಗೂ ಮೀಟರ್ ಹಿಡಿದು, ಲೈಟು, ಫ್ಯಾನು ಎಲ್ಲ ಹಾಕಿ ನೋಡಿ. ಸರಿಯಿರುವ ಸ್ವಿಚ್ಚಿನಲ್ಲಿ ಸೊನ್ನೆಯ ಹತ್ತಿರ ಇರುತ್ತದೆ. ಅರ್ಧ ವೋಲ್ಟ್ ದಾಟಿದರೆ ಸುಟ್ಟಿದೆ. ರಿಲೇ ಹಾಕದೆ ಸ್ವಿಚ್ಚು ಮಾತ್ರ ಬದಲಿಸಿದರೆ ಹೊಸದೂ ಸುಡುತ್ತದೆ.

6. ಆಗಾಗ ಬರುವ ದೋಷವನ್ನು ದಾರಿಯಲ್ಲೇ ಹಿಡಿಯಿರಿ

ಓಡುವಾಗ ಒಮ್ಮೊಮ್ಮೆ ಬಂದಾಗುವ ಗಾಡಿ ಗ್ಯಾರೇಜಿಗೆ ಬಂದಾಗ ಮಹಾ ಸಾಧು. ಅಂಥ ಒಂದಕ್ಕೆ ಇಗ್ನಿಷನ್ ವಯರಿನಲ್ಲಿ ಟೆಸ್ಟ್ ಬಲ್ಬ್ ಸಿಕ್ಕಿಸಿ, ಮಾಲೀಕರ ಕೈಗೆ ಸ್ಟೇರಿಂಗ್ ಕೊಟ್ಟು, ಬಲ್ಬನ್ನೇ ನೋಡುತ್ತ ಸಿದ್ಧಕಟ್ಟೆವರೆಗೆ ಹೋದೆ. ಒಂದು ಗುಂಡಿಯಲ್ಲಿ ಎಂಜಿನ್ನೂ ಬಲ್ಬೂ ಒಟ್ಟಿಗೆ ಆರಿದವು. ಸ್ವಿಚ್ಚಿನ ಹಿಂದಿನ ಕಪ್ಲರ್ ಸಡಿಲವಾಗಿತ್ತು. ಬಲ್ಬ್ ಉರಿಯುತ್ತಲೇ ಇದ್ದು ಎಂಜಿನ್ ಸತ್ತಿದ್ದರೆ ಪೆಟ್ರೋಲ್ ಪಂಪಿನ ಕಡೆ ಹೋಗುತ್ತಿದ್ದೆ. ಇನ್ನು, ಕೀ ಆನ್ ಮಾಡಿದರೂ ಎಂಜಿನ್ ಹಿಡಿಯದೆ ಮೀಟರಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಇಮೊಬಿಲೈಸರ್ ಕೀಯನ್ನು ಗುರುತಿಸುತ್ತಿಲ್ಲ ಎಂದರ್ಥ. ಮನೆಯಲ್ಲಿರುವ ಎರಡನೇ ಕೀ ತರಿಸಿ.

7. ಕೀ ಗೊಂಚಲು ಹಗುರ ಮಾಡಿ

ಮನೆ ಕೀ, ಅಂಗಡಿ ಕೀ, ಅಡಿಕೆ ಗೋದಾಮಿನ ಕೀ, ಮೇಲೊಬ್ಬ ಹಿತ್ತಾಳೆ ಗಣಪತಿ: ಇಷ್ಟು ಭಾರ ಗುಂಡಿಗುಂಡಿಗೂ ಬೀಗವನ್ನು ಜಗ್ಗುತ್ತದೆ. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆದದ್ದು ಇಂಥದ್ದಕ್ಕೇ. ಸ್ವಿಚ್ಚಿನ ಹಿಡಿತ ಸಡಿಲವಾಗಿ, ಓಡುವಾಗಲೇ ಕೀ ಆನ್‌ನಿಂದ ಜಾರುತ್ತಿತ್ತು. ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. 124 ಸಾವುಗಳಿಗೆ ಪರಿಹಾರ ಕೊಡಬೇಕಾಯಿತು. ಅಲ್ಲಿ ತಾನಾಗಿ ಆದದ್ದನ್ನು ಇಲ್ಲಿ ಕೆಲವರು ಎಣ್ಣೆ ಉಳಿಸಲೆಂದು ತಾವೇ ಮಾಡುತ್ತಾರೆ, ಚಾರ್ಮಾಡಿ ಇಳಿಯುವಾಗ ಕೀ ಆಫ್ ಮಾಡಿ. ಬ್ರೇಕಿನ ಬಲ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ, ಸ್ಟೇರಿಂಗ್ ಕಲ್ಲಾಗುತ್ತದೆ. ಕೀ ಹೊರಗೆಳೆದರೆ ತಿರುವಿನಲ್ಲೇ ಲಾಕ್ ಬೀಳಬಹುದು.

8. ತೆಗೆದದ್ದನ್ನು ಬಿಚ್ಚಿ ತೋರಿಸಿ

ಸ್ವಿಚ್ಚು ಬದಲಿಸಿದರೆ ಹಳೆಯದನ್ನು ಮಾಲೀಕರ ಎದುರೇ ಬಿಚ್ಚುತ್ತೇನೆ. ಕಾಂಟ್ಯಾಕ್ಟು ಕಪ್ಪಾಗಿದ್ದರೆ ಅಥವಾ ಸವೆದಿದ್ದರೆ ಮಾತ್ರ ನನಗೆ ದುಡ್ಡು ಕೇಳುವ ಬಾಯಿ. ಟೂಲ್ ಬಾಕ್ಸಿನಲ್ಲಿದ್ದ ಆ ಮೊದಲ ಸ್ವಿಚ್ಚನ್ನೂ ಬಹಳ ವರ್ಷಗಳ ಮೇಲೆ ಒಂದು ದಿನ ಬಿಚ್ಚಿದೆ. ಒಳಗಿನ ತಾಮ್ರ ಆಗತಾನೇ ಹುಣಸೆಹಣ್ಣು ಹಾಕಿ ತಿಕ್ಕಿದಂತೆ ಹೊಳೆಯುತ್ತಿತ್ತು.