ಅನುತ್ಸೇಕ: ತುಳುಕದಿರುವ ಗುಣ

ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕೆ ಕನ್ನಡದಲ್ಲಿ ಬಡಾಯಿ, ಜಂಭ, ಕೊಚ್ಚಿಕೊಳ್ಳುವುದು ಮೊದಲಾದ ಮಾತುಗಳುಂಟು. ಬಡಾಯಿ ಎಂದೊಡನೆ ಇಲ್ಲದುದನ್ನು ಇದೆಯೆಂದು ಹೇಳುವವನ ನೆನಪಾಗುತ್ತದೆ. ಆದರೆ ನಿಜವಾಗಿ ಇರುವ ಗುಣದಿಂದಲೇ ಉಬ್ಬುವವನ ದೋಷವನ್ನು ಏನೆನ್ನಬೇಕು? ಅದಕ್ಕೆ ಶಾಸ್ತ್ರವು ಕೊಟ್ಟ ಹೆಸರು ‘ಉತ್ಸೇಕ’. ಅದಿಲ್ಲದಿರುವುದೇ ‘ಅನುತ್ಸೇಕ’.

ಸಂಸ್ಕೃತದ ‘ಸಿಚ್’ ಧಾತುವಿಗೆ ನೀರೆರೆ ಎಂದರ್ಥ. ಜಿನಬಿಂಬಕ್ಕೆ ಮಾಡುವ ‘ಅಭಿಷೇಕ’ವೂ ಇದೇ ಧಾತುವಿನಿಂದ ಬಂದ ಶಬ್ದ. ‘ಉತ್’ ಎಂಬ ಉಪಸರ್ಗ ಸೇರಿದಾಗ ಮೇಲಕ್ಕೆ ಉಕ್ಕಿ ಅಂಚನ್ನು ಮೀರುವುದು ಎಂದಾಗಿ, ಅದರಿಂದ ಗರ್ವ ಎಂಬ ಅರ್ಥ ಹೊರಡುತ್ತದೆ. ತುಂಬಿದ ಕೊಡ ತುಳುಕದು ಎಂಬ ಗಾದೆಯ ಭಾವವೂ ಇದೇ.

ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದ 25 ಮತ್ತು 26ನೆಯ ಸೂತ್ರಗಳು ಗೋತ್ರಕರ್ಮದ ಆಸ್ರವವನ್ನು ನಿರೂಪಿಸುತ್ತವೆ. ಪರನಿಂದೆ, ಆತ್ಮಪ್ರಶಂಸೆ, ಪರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಪ್ರಕಟಿಸುವುದು, ಇವು ನೀಚಗೋತ್ರಕ್ಕೆ ಕಾರಣಗಳು. ಇವುಗಳಿಗೆ ವಿರುದ್ಧವಾದ ನಡತೆಯೊಡನೆ ನೀಚೈರ್ವೃತ್ತಿ ಮತ್ತು ಅನುತ್ಸೇಕಗಳು ಉಚ್ಚಗೋತ್ರಕ್ಕೆ ಕಾರಣಗಳು. ಆತ್ಮಪ್ರಶಂಸೆಯನ್ನು ಬಿಟ್ಟ ಮೇಲೆ ಅನುತ್ಸೇಕವನ್ನು ಬೇರೆಯಾಗಿ ಹೇಳಿದ್ದೇಕೆ ಎಂಬ ಶಂಕೆ ಇಲ್ಲಿ ಸಹಜ. ಪೂಜ್ಯಪಾದ ಆಚಾರ್ಯರ ಸರ್ವಾರ್ಥಸಿದ್ಧಿಯ ವಿವರಣೆಯಿಂದ ಇದಕ್ಕೆ ಸಮಾಧಾನ ದೊರೆಯುತ್ತದೆ. ಗುಣದಲ್ಲಿ ಹಿರಿಯರಾದವರಿಗೆ ವಿನಯದಿಂದ ಬಾಗುವುದು ನೀಚೈರ್ವೃತ್ತಿ. ಜ್ಞಾನಾದಿಗಳಲ್ಲಿ ತಾನೇ ಉತ್ಕೃಷ್ಟನಾಗಿದ್ದರೂ ಅದರಿಂದ ಮದಗೊಳ್ಳದಿರುವುದು ಅನುತ್ಸೇಕ. ಸುಳ್ಳನ್ನು ಬಿಟ್ಟರೆ ಸಾಲದು. ಸತ್ಯವಾದ ಹಿರಿಮೆಯೂ ಉಕ್ಕಬಾರದು.

ವ್ರತ ಹಿಡಿದವರಿಗೆ ಈ ಭೇದವು ಅತ್ಯಂತ ಮುಖ್ಯ. ‘ಮಾಡಿದ ಉಪವಾಸವನ್ನು ಮಾಡಿದೆನೆಂದರೆ ತಪ್ಪೇನು?’ ಎಂದು ಕೇಳುವವರುಂಟು. ಅಸತ್ಯದೋಷವಿಲ್ಲ, ನಿಜ. ಆದರೆ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರ ಆಚಾರ್ಯರು ಹೇಳಿದ ಎಂಟು ಮದಗಳಲ್ಲಿ ತಪೋಮದವೂ ಒಂದು. ದಶಲಕ್ಷಣ ಪರ್ವದ ಹತ್ತು ದಿನವೂ ಉಪವಾಸವಿದ್ದ ಒಬ್ಬರು, ರೋಗದಿಂದ ನರಳುತ್ತ ಒಂದೇ ದಿನ ಏಕಾಶನ ಮಾಡಿದ ಸೊಸೆಯ ಮುಂದೆ ತಮ್ಮ ದಿನಗಳನ್ನು ಎಣಿಸಿದರೆನ್ನೋಣ. ಅವರ ಮಾತಿನಲ್ಲಿ ಸುಳ್ಳಿಲ್ಲ; ಆದರೂ ಆ ಸೊಸೆಯ ಶ್ರದ್ಧೆ ಅದರಡಿಯಲ್ಲಿ ಮುಚ್ಚಿಹೋಯಿತು. ಪರರ ಗುಣವನ್ನು ಮುಚ್ಚುವ ದೋಷಕ್ಕೆ ಉತ್ಸೇಕವು ಹೀಗೆ ಬಾಗಿಲು ತೆರೆಯುತ್ತದೆ. ಅನಶನವು ಬಾಹ್ಯತಪಸ್ಸು, ವಿನಯವು ಅಭ್ಯಂತರತಪಸ್ಸು. ಹೊರಗಿನದನ್ನು ಗಳಿಸಿ ಒಳಗಿನದನ್ನು ಕಳೆದುಕೊಂಡರೆ ಲಾಭವೇನು?

ಹಾಗೆಂದು ವ್ರತವನ್ನು ಬಚ್ಚಿಡಬೇಕೆಂದಲ್ಲ. ಗುರುಗಳ ಸನ್ನಿಧಿಯಲ್ಲಿ ವ್ರತವನ್ನು ಸ್ವೀಕರಿಸುವುದು, ಪಾರಣೆಯ ಸಿದ್ಧತೆಗಾಗಿ ಮನೆಯವರಿಗೆ ತಿಳಿಸುವುದು, ಉದ್ಯಾಪನೆಯನ್ನು ನೆರವೇರಿಸುವುದು ಯುಕ್ತವೇ. ಧರ್ಮದ ಮಹಿಮೆಯನ್ನು ಪ್ರಕಟಿಸುವ ಪ್ರಭಾವನೆಯು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದು. ಆದರೆ ಪ್ರಭಾವನೆಯಲ್ಲಿ ಮುಂದೆ ನಿಲ್ಲುವುದು ಧರ್ಮ, ಉತ್ಸೇಕದಲ್ಲಿ ಮುಂದೆ ನಿಲ್ಲುವುದು ‘ನಾನು’. ಮಾತಿನಲ್ಲಿ ‘ಅವರಿಗಿಂತ’ ಎಂಬ ಹೋಲಿಕೆ ನುಸುಳಿತೆಂದರೆ ಕೊಡ ತುಳುಕಿತೆಂದೇ ತಿಳಿಯಬೇಕು.

ಭಾದ್ರಪದ ಶುಕ್ಲ ಪಂಚಮಿಯಂದು ಕ್ಷಮೆಯನ್ನು ಆರಾಧಿಸಿದ ಮರುದಿನವೇ ಮಾರ್ದವದ ಆರಾಧನೆ ಬರುತ್ತದೆ. ಆ ದಿನ ಉಪವಾಸವಿದ್ದವರು ಉಪವಾಸವಿರಲಾರದವರ ಗುಣವೊಂದನ್ನು ಮನೆಯವರ ಮುಂದೆ ಬಾಯಿತುಂಬ ಹೇಳಲಿ. ಅನುತ್ಸೇಕದ ಅಭ್ಯಾಸಕ್ಕೆ ಶ್ರಾವಕರಿಗೆ ಇದಕ್ಕಿಂತ ಸುಲಭವಾದ ಪಾಠವಿಲ್ಲ.